ಒಂದೇ ನಂಬರಿನ ಎರಡು ಬಸ್ಸು

ಮೊನ್ನೆ ನನ್ನ ಮೊಮ್ಮಗ ಹೊಸ ಗಾಡಿ ತೆಗೆದುಕೊಂಡ. ಅದಕ್ಕೆ ಇಂಥದೇ ನಂಬರು ಬೇಕೆಂದು ಆಫೀಸಿಗೆ ಅಲೆದದ್ದೇ ಅಲೆದದ್ದು. ಅಂಕಿಗಳನ್ನೆಲ್ಲ ಕೂಡಿಸಿದರೆ ಎಂಟು ಬರಬಾರದಂತೆ, ಎಂಟು ಶನಿಯ ನಂಬರಂತೆ. ನನಗೆ ನಗುವೂ ಬಂತು, ಸಿಟ್ಟೂ ಬಂತು. ನಮ್ಮ ಅನ್ನಕ್ಕೆ ಕಲ್ಲು ಹಾಕಿದ ನಂಬರನ್ನು ಹೇಗೆ ಕೂಡಿಸಿದರೂ ಎಂಟು ಬರುವುದಿಲ್ಲ. ನಾನೂರ ಹದಿನೇಳು. ಬೇಕಾದರೆ ನೀವೇ ಕೂಡಿಸಿ ನೋಡಿ.

ಆಗ ಯುದ್ಧದ ಕಾಲ. ನಾನು ಕೆರಗೋಡಿನಿಂದ ಮಳವಳ್ಳಿಗೆ ಸೊಸೆಯಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ನಮ್ಮ ಮನೆಯವರು ಬಸ್ಸಿನ ಡ್ರೈವರು. ಈಗ ಡ್ರೈವರ್ ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ಆಗ ಅವರು ಬೀದಿಯಲ್ಲಿ ನಡೆದುಬಂದರೆ ಜಗಲಿಯ ಮೇಲೆ ಕೂತವರು ಕಾಲು ಮಡಿಸಿಕೊಳ್ಳುತ್ತಿದ್ದರು. ಇದ್ದ ಗದ್ದೆ ದಾಯಾದಿಗಳ ವ್ಯಾಜ್ಯದಲ್ಲಿ ಸಿಕ್ಕಿಕೊಂಡಿತ್ತು. ಅವರ ಜೇಬಿನಲ್ಲಿದ್ದ ಲೈಸೆನ್ಸೇ ನಮಗೆ ಹೊಲ, ಅದೇ ಗದ್ದೆ. ಅದು ಹೋದರೆ ನಾವು ಹೋದಂತೆ. ಇದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ನನಗೆ ಇಂಗ್ಲಿಷ್ ಅಂಕಿ ಕಲಿಸಿದ್ದು ಶಾಲೆಯಲ್ಲ, ಬಸ್ಸಿನ ನಂಬರು ಹಲಗೆ. ಒಲೆಯ ಮುಂದೆ ಇದ್ದಿಲಿನಲ್ಲಿ ಬರೆದು ತೋರಿಸುತ್ತಿದ್ದರು. ಕಪ್ಪು ಹಲಗೆ, ಬಿಳಿ ಬಣ್ಣ. ಮೊದಲು ಸಂಸ್ಥಾನದ ಗುರುತಿನ ಅಕ್ಷರ, ಆಮೇಲೆ ಅಂಕಿ. ಅಕ್ಷರ ಎಷ್ಟು ಎತ್ತರ, ಎಷ್ಟು ದಪ್ಪ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಸಂದು, ಎಲ್ಲಕ್ಕೂ ಸರಕಾರದ ಅಳತೆಯಿತ್ತು. ಬಳ್ಳಿ ಬಿಡಿಸುವಂತಿಲ್ಲ, ಹೂವು ಬಿಡಿಸುವಂತಿಲ್ಲ. ನಡುಬೀದಿಯಲ್ಲಿ ನಿಂತ ಪೋಲೀಸಿನವನಿಗೆ ದೂರದಿಂದಲೇ ಓದಲು ಬರಬೇಕು. ಮಂಡ್ಯ ಬೇರೆ ಜಿಲ್ಲೆಯಾದ ಮೇಲೂ ನಮ್ಮ ಕಡೆಯ ಎಷ್ಟೋ ಗಾಡಿಗಳು ಮೈಸೂರಿನ ಹಳೆಯ ನಂಬರಿನಲ್ಲೇ ಓಡುತ್ತಿದ್ದವು. "ಮನ್ಸಂಗೆ ಎಸ್ರು ಬದ್ಲಾಯ್ಸ್‌ಬೋದು, ಗಾಡಿಗೆ ಆಗಾಕಿಲ್ಲ. ಗುಜ್ರಿಗೆ ಓಗೋಗಂಟ ಅದೇ ನಂಬ್ರು" ಎಂದು ನಮ್ಮ ಮನೆಯವರು ಹೇಳುತ್ತಿದ್ದರು. ಜನ ಬಸ್ಸಿನ ಕಂಪನಿಯ ಹೆಸರನ್ನು ಹೇಳುತ್ತಿರಲಿಲ್ಲ. "ನಾನೂರದ್ನೇಳು ಓಯ್ತಾ?" ಎಂದೇ ಕೇಳುತ್ತಿದ್ದರು.

ಆ ನಾನೂರ ಹದಿನೇಳು ನಮ್ಮೂರಿನ ಸಾಹುಕಾರರ ಬಸ್ಸು, ಮಳವಳ್ಳಿಯಿಂದ ಮದ್ದೂರಿಗೆ ಓಡುತ್ತಿತ್ತು. ಅದನ್ನು ಓಡಿಸುತ್ತಿದ್ದವರು ಇನ್ನೊಬ್ಬ ಹಿರಿಯ ಡ್ರೈವರು. ನಮ್ಮ ಮನೆಯವರಿಗೆ ಕ್ಲೀನರ್ ಕೆಲಸದಿಂದ ಹಿಡಿದು ಸ್ಟೀರಿಂಗಿನವರೆಗೆ ಎಲ್ಲ ಕಲಿಸಿದವರು ಅವರೇ. ಇವರು ಅವರನ್ನು ಅಣ್ಣ ಎನ್ನುತ್ತಿದ್ದರು, ಹಾಗಾಗಿ ನನಗೆ ಅವರು ಭಾವ. ಮಾತು ಕಡಿಮೆ. ನಮ್ಮ ಮನೆಗೆ ಬಂದರೆ ಊಟ ಮಾಡಿ, ಬೀಡಿ ಹಚ್ಚಿ, "ಬತ್ತೀನಿ ಕಣವ್ವ" ಅಂದರೆ ಅಲ್ಲಿಗೆ ಮುಗಿಯಿತು.

ಅದೇ ಸಾಹುಕಾರರ ಎರಡನೆಯ ಬಸ್ಸು ನಮ್ಮ ಮನೆಯವರದು. ಅದನ್ನು ಬ್ರೇಕ್ ಇನ್ಸ್‌ಪೆಕ್ಟರು ನೋಡಿ ಓಡಿಸಲು ಯೋಗ್ಯವಲ್ಲ ಎಂದು ನಿಲ್ಲಿಸಿದ್ದರು. ಯುದ್ಧದಿಂದಾಗಿ ಬಿಡಿಭಾಗ ಸಿಗುತ್ತಿರಲಿಲ್ಲ. ಬಸ್ಸು ಸಾಹುಕಾರರ ಹುಣಸೆಮರದ ಕೆಳಗೆ ಕೋಳಿಗಳಿಗೆ ಮನೆಯಾಗಿ ನಿಂತಿತ್ತು. ಅಷ್ಟರಲ್ಲಿ ಮದುವೆ ಕಾಲ ಬಂತು. ದಿಬ್ಬಣಕ್ಕೆ ಬಸ್ಸು ಕೊಡಿ ಎಂದು ಹಳ್ಳಿ ಹಳ್ಳಿಯಿಂದ ಜನ ಬಂದರು. ಸಾಹುಕಾರರು ಕೋಳಿ ಓಡಿಸಿದರು, ಪೆಟ್ರೋಲು ಸಿಗದ ಕಾಲವಾದ್ದರಿಂದ ಬಸ್ಸಿನ ಹಿಂದೆ ಇದ್ದಿಲು ಉರಿಸಿ ಇಂಜಿನ್ನಿಗೆ ಗ್ಯಾಸ್ ಕೊಡುವ ಪೀಪಾಯಿ ಕೂರಿಸಿದರು, ಬಣ್ಣದವನನ್ನು ನಮ್ಮ ಹಿತ್ತಲಿಗೇ ಕಳಿಸಿದರು. ಅವನು ಬರೆದ ಹಲಗೆಯನ್ನು ನಾನು ಬಾವಿಕಟ್ಟೆಯಿಂದಲೇ ಓದಿದೆ. ನಾಲ್ಕು, ಒಂದು, ಏಳು.

"ಇದು ಭಾವನ್ ಬಸ್ಸಿನ್ ನಂಬ್ರಲ್ವಾ?" ಎಂದು ಕೇಳಿದೆ.

"ಸಾವ್ಕಾರ್ರು ಏಳವ್ರೆ. ಮದ್ವೆ ಕಾಲ ಮುಗಿಯೋಗಂಟ ಅಷ್ಟೆಯ" ಅಂದರು ನಮ್ಮ ಮನೆಯವರು. ನನ್ನ ಮುಖ ನೋಡಲಿಲ್ಲ.

ನಾನು ಸಾಹುಕಾರರ ಮನೆಗೇ ಹೋಗಿ ಕೇಳಿದೆ. ನನಗೆ ಬಾಯಿ ಜಾಸ್ತಿ ಎಂದು ಆಗಲೇ ಹೆಸರು ಬಂದಿತ್ತು, ಇನ್ನು ಕೆಡಲು ಏನೂ ಉಳಿದಿರಲಿಲ್ಲ. ಸಾಹುಕಾರರು ಎಲೆ ಅಡಿಕೆ ಜಗಿಯುತ್ತ ನಕ್ಕರು. "ನಮ್ ಬೀದಿಲೇ ಒಂದೇ ಎಸ್ರಿನೋರು ಮೂರ್ ಜನ ಅವ್ರೆ. ಯಾರಾದ್ರೂ ಜೈಲಿಗೆ ಓಗವ್ರಾ? ಓಗು ಕಣಮ್ಮಿ, ಮುದ್ದೆ ತಿರುವೋಗು" ಅಂದರು. ಆ ಮಾತಿಗೆ ಅಲ್ಲಿದ್ದವರೆಲ್ಲ ನಕ್ಕರು.

ಅವರದೇ ಒಂದು ಲೆಕ್ಕವಿತ್ತು. ಎರಡು ಬಸ್ಸೂ ಒಂದೇ ರಸ್ತೆಗೆ ಬರಕೂಡದು. ಒಂದು ಮದ್ದೂರು ರಸ್ತೆಯಲ್ಲಿದ್ದರೆ ಇನ್ನೊಂದು ಮಂಡ್ಯದ ಆಚೆ. ಇನ್ನೊಂದು ಬುದ್ಧಿವಂತಿಕೆಯನ್ನೂ ಮಾಡಿದ್ದರು. ಬಸ್ಸಿನ ಅಸಲು ಕಾಗದಗಳನ್ನು ಭಾವನಿಂದ ತೆಗೆದು ನಮ್ಮ ಮನೆಯವರ ಕೈಗೆ ಕೊಟ್ಟಿದ್ದರು. ದಿನಾ ಓಡುವ ಬಸ್ಸನ್ನು ಯಾರು ಕೇಳುತ್ತಾರೆ, ಆ ರಸ್ತೆಯ ಎಮ್ಮೆಗಳಿಗೂ ಅದರ ಗುರುತುಂಟು. ಹೊಸ ರಸ್ತೆಗೆ ಹೋಗುವ ದಿಬ್ಬಣದ ಬಸ್ಸನ್ನು ತಾನೇ ಪೋಲೀಸಿನವರು ತಡೆಯುವುದು ಎಂಬುದು ಅವರ ವಾದ. ಹೀಗೆ ನಿಜವಾದ ಬಸ್ಸು ಬರಿಗೈಯಲ್ಲಿ ಓಡುತ್ತಿತ್ತು, ಸುಳ್ಳು ಬಸ್ಸಿನ ಪೆಟ್ಟಿಗೆಯಲ್ಲಿ ಸರಕಾರದ ಮೊಹರಿತ್ತು.

ವೈಶಾಖದಲ್ಲಿ ನನ್ನ ಚಿಕ್ಕಪ್ಪನ ಮಗಳ ಮದುವೆ ಬಂತು. ಗಂಡಿನ ಮನೆ ಮದ್ದೂರು, ಬಸ್ ಸ್ಟ್ಯಾಂಡಿನ ಹತ್ತಿರದ ಛತ್ರದಲ್ಲಿ ಧಾರೆ. ಹೆಣ್ಣಿನ ದಿಬ್ಬಣವನ್ನು ಕೆರಗೋಡಿನಿಂದ ಕರೆತರುವುದು ನಮ್ಮ ಮನೆಯವರ ಬಸ್ಸು. ಅವರು ಹಿಂದಿನ ದಿನವೇ ಕೆರಗೋಡಿಗೆ ಹೋದರು. ಹೋಗುವಾಗ ಹೇಳಿದರು, "ನಾವು ಎಳೇ ಬಿಸ್ಲಿಗೇ ಮದ್ದೂರ್ ಮುಟ್ತೀವಿ. ಹೆಣ್ಣಿಳ್ಸಿ ಮಂಡ್ಯದ ಕಡೀಕೆ ವಾಪಸ್ ಓಯ್ತೀನಿ. ಅಣ್ಣನ್ ಬಸ್ಸು ಬರೋದು ಬಿಸ್ಲೇರುದ್ಮೇಲೆ. ನೀನು ಅದ್ರಲ್ಲೇ ಬಾ."

ಬೆಳಿಗ್ಗೆ ಭಾವನ ಬಸ್ಸು ಹತ್ತಿದೆ. ಹೊಸ ಸೀರೆ, ಮಡಿಲಲ್ಲಿ ತೆಂಗಿನಕಾಯಿ. ನಡುದಾರಿಯ ದೊಡ್ಡಿ ಎಂಬ ಊರಿನವರೆಗೂ ಸುಖವಾಗಿಯೇ ಬಂದೆವು. ದೊಡ್ಡಿಯಲ್ಲಿ ರಸ್ತೆ ಪಕ್ಕ ಒಂದು ಮೋಟಾರ್ ಸೈಕಲ್ ಬಿದ್ದಿತ್ತು. ಅದರ ಪಕ್ಕದಲ್ಲಿ ಖಾಕಿ ಚಡ್ಡಿ, ತಲೆಗೆ ಟೋಪಿ ಹಾಕಿದ ಒಬ್ಬರು ಕೈ ಅಡ್ಡ ಹಿಡಿದು ನಿಂತಿದ್ದರು. ಬಸ್ಸಿನಲ್ಲಿದ್ದ ಯಾರೋ ಮೆಲ್ಲಗೆ, "ಬ್ರೇಕ್ ಇನ್ಸ್‌ಪೆಕ್ಟ್ರು" ಅಂದರು.

ಅವರು ಹತ್ತಿ ಭಾವನ ಪಕ್ಕದ ಸೀಟಿನಲ್ಲೇ ಕೂತರು. ಗಾಡಿಯ ಚೈನು ಹರಿದಿದೆ, ಮದ್ದೂರಿನಲ್ಲಿ ರಿಪೇರಿಯವನನ್ನು ಹುಡುಕಬೇಕು ಎಂದರು. ಒಳ್ಳೆಯ ಮನುಷ್ಯರ ಹಾಗೆಯೇ ಕಾಣುತ್ತಿದ್ದರು. ಮುಂದಿನ ಸೀಟಿನಲ್ಲಿದ್ದ ಮುದುಕಿಗೆ ಕಾಲು ಚಾಚಲು ಜಾಗ ಬಿಟ್ಟರು. ಅದರಿಂದ ನನ್ನ ಭಯವೇನೂ ಕಡಿಮೆಯಾಗಲಿಲ್ಲ.

"ಮದ್ದೂರಿಗೆ ಎಷ್ಟು ಹೊತ್ತಿಗೆ ಮುಟ್ಟಿಸ್ತೀಯಯ್ಯಾ?" ಎಂದು ಭಾವನನ್ನು ಕೇಳಿದರು.

"ಇದ್ಲು ಗಾಡಿ ಸಾಮಿ. ಅದ್ರ ಮರ್ಜಿ" ಅಂದರು ಭಾವ.

ಡ್ರೈವರ ತಲೆಯ ಮೇಲಿದ್ದ ಕನ್ನಡಿಯಲ್ಲಿ ಭಾವನ ಕಣ್ಣು ನನ್ನ ಕಣ್ಣನ್ನು ಹುಡುಕಿತು. ದಿಬ್ಬಣದ ಬಸ್ಸು ಮದ್ದೂರಿಗೆ ಬರುವುದು ಅವರಿಗೂ ಗೊತ್ತಿತ್ತು. ಇನ್ನು ಅವರು ಮಾಡಿದ ಕೆಲಸವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಸ್ವಲ್ಪ ದೂರ ಹೋಗುವುದು, ಇಂಜಿನ್ ನಿಲ್ಲಿಸುವುದು, ಗ್ಯಾಸ್ ಬರುತ್ತಿಲ್ಲ ಎನ್ನುವುದು, ಇಳಿದು ಹಿಂದಕ್ಕೆ ಹೋಗಿ ಪೀಪಾಯಿಗೆ ಕಂಬಿ ಹಾಕಿ ಕೆದಕುವುದು. ಉರಿಯುತ್ತಿದ್ದ ಬೆಂಕಿಯನ್ನು ಕೆದಕಿ ಕೆದಕಿ ಆರಿಸಿದರು. ದಾರಿಯಲ್ಲಿ ಕೈ ಎತ್ತದೆ ಸುಮ್ಮನೆ ನಿಂತಿದ್ದವರಿಗೂ ಬಸ್ಸು ನಿಲ್ಲಿಸಿದರು. ಹೊತ್ತು ಹೋಗಲಿ, ತಾವು ಕೆಲಸ ಕಲಿಸಿದ ಹುಡುಗ ಹೆಣ್ಣಿಳಿಸಿ ಮದ್ದೂರು ಬಿಟ್ಟು ಹೋಗಲಿ ಎಂದು. ನಾನು ಮಡಿಲಿನ ಕಾಯಿಯನ್ನು ಹಿಡಿದುಕೊಂಡು ಊರ ದೇವರನ್ನೆಲ್ಲ ಕರೆದೆ. ಹೋಗಿರುತ್ತಾರೆ, ಇಷ್ಟು ಹೊತ್ತಿಗೆ ಮಂಡ್ಯ ಮುಟ್ಟಿರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ಇನ್ಸ್‌ಪೆಕ್ಟರು ಮೊದಮೊದಲು ಆಕಳಿಸಿದರು. ಆಮೇಲೆ ಆಕಳಿಸುವುದನ್ನು ಬಿಟ್ಟು ಭಾವನ ಕೈಯನ್ನೇ ನೋಡತೊಡಗಿದರು. "ಬೆಂಕಿ ಚೆನ್ನಾಗೇ ಇತ್ತಲ್ಲಯ್ಯಾ" ಅಂದರು ಒಂದು ಸಲ. ಭಾವನ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರೆ. ಅಲ್ಲಿ ಕಳ್ಳರು ಯಾರೂ ಬಸ್ಸಿನಲ್ಲಿರಲಿಲ್ಲ, ಕಳ್ಳತನ ಮಾಡಿಸಿದವರು ಮಳವಳ್ಳಿಯ ಜಗಲಿಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದರು. ಬೆವರು ಮಾತ್ರ ನಮ್ಮದು.

ಮದ್ದೂರಿಗೆ ಬಂದೆವು. ಛತ್ರದ ಮುಂದೆ ಬಾಳೆಕಂದು ಕಟ್ಟಿದ ಬಸ್ಸು ನಿಂತೇ ಇತ್ತು.

ಕೆರಗೋಡಿನಲ್ಲಿ ಪೀಪಾಯಿ ಹೊತ್ತಿಕೊಳ್ಳದೆ ಅವರು ತಡವಾಗಿ ಹೊರಟಿದ್ದರಂತೆ. ಅದಾದರೂ ಹೋಗಲಿ, ಬಂದು ಬಹಳ ಹೊತ್ತಾದರೂ ಹೆಣ್ಣು ಇಳಿದಿರಲಿಲ್ಲ. ಗಂಡಿನ ಸೋದರತ್ತೆ ಬಂದು ಆರತಿ ಬೆಳಗಿ ಎದುರುಗೊಳ್ಳುವವರೆಗೆ ಹೆಣ್ಣು ನೆಲಕ್ಕೆ ಕಾಲಿಡುವಂತಿಲ್ಲ. ಆ ಸೋದರತ್ತೆಗೆ ಕೊಡಬೇಕಾದ ಮೊದಲ ವೀಳ್ಯವನ್ನು ಇನ್ನಾರಿಗೋ ಕೊಟ್ಟುಬಿಟ್ಟಿದ್ದರಂತೆ. ಆಕೆ ಒಳಗೆ ಕಂಬಕ್ಕೆ ಒರಗಿ ಮುನಿದು ಕೂತಿದ್ದಳು. ಗಂಡಸರು ಬೇಡುತ್ತಿದ್ದರು, ಹೆಂಗಸರು ಆರತಿ ತಟ್ಟೆ ಹಿಡಿದು ಹೊಸಿಲಲ್ಲಿ ನಿಂತಿದ್ದರು, ಬಸ್ಸು ಮಿಸುಕುವ ಹಾಗಿರಲಿಲ್ಲ. ಒಂದು ವೀಳ್ಯದೆಲೆಗೆ ನನ್ನ ಸಂಸಾರ ನೇತಾಡುತ್ತಿತ್ತು.

ನಮ್ಮ ಬಸ್ಸು ಸ್ಟ್ಯಾಂಡಿನಲ್ಲಿ ನಿಂತ ಕೂಡಲೇ ಇನ್ಸ್‌ಪೆಕ್ಟರು, "ಗಾಡಿ ಕಾಗದ ತೋರಿಸು ನೋಡೋಣ" ಎಂದು ಭಾವನಿಗೆ ಹೇಳಿದ್ದು ಕೇಳಿಸಿತು. ನಾನು ಹಿಂದಿನ ಬಾಗಿಲಿನಿಂದ ಇಳಿದು ಓಡಿದೆ. ಹೊಸ ಸೀರೆ ಕಾಲಿಗೆ ತೊಡರಿತು, ಕಾಯಿ ಎಲ್ಲಿ ಬಿತ್ತೋ ತಿಳಿಯದು. ಹೊಸಿಲಲ್ಲಿ ನಿಂತವಳ ಕೈಯಿಂದ ಆರತಿ ತಟ್ಟೆ ಕಿತ್ತುಕೊಂಡೆ.

"ಏಯ್, ನೀನು ಹೆಣ್ಣಿನ್ ಕಡೆಯೋಳಲ್ವಾ? ನೀನ್ ಬೆಳಗ್‌ಬಾರ್ದು ಕಣಮ್ಮಿ" ಎಂದು ಒಬ್ಬಳು ಸೆರಗು ಹಿಡಿದಳು.

"ಹೆಣ್ಣಿಗಲ್ಲ ಕಣವ್ವ, ಗಾಡಿಗ್ ಬೆಳಗ್ತೀನಿ. ದಾರೀಲಿ ದೃಷ್ಟಿಯಾಗದೆ" ಅಂದೆ.

ಬಸ್ಸಿನ ಮುಂದೆ ನಿಂತು ತಟ್ಟೆಯನ್ನು ಸುತ್ತಿಸಿ, ಅರಿಶಿನ ಸುಣ್ಣ ಕಲಸಿದ ಕೆಂಪು ನೀರನ್ನು ನಂಬರಿನ ಮೇಲೆ ಎರಚಿದೆ. ನೀರು ಇಳಿದುಹೋಯಿತು, ಬಿಳಿ ಅಂಕಿ ಹಾಗೇ ಕಾಣುತ್ತಿತ್ತು. ತಟ್ಟೆಯ ತಳದ ಗಸಿಯನ್ನೂ ಬಟ್ಟಲಿನ ಕುಂಕುಮವನ್ನೂ ಸೇರಿಸಿ ಎರಡು ಕೈಯಿಂದ ಬಳಿದೆ. ನಾಲ್ಕು ಹೋಯಿತು, ಒಂದು ಹೋಯಿತು, ಏಳು ಹೋಯಿತು. ಹಿಂದಿನ ಹಲಗೆ ಪೀಪಾಯಿಯ ಮಸಿಯಲ್ಲಿ ಮೊದಲೇ ಮುಚ್ಚಿಹೋಗಿತ್ತು. ತಲೆ ಎತ್ತಿದರೆ ಗಾಜಿನ ಆಚೆ ನಮ್ಮ ಮನೆಯವರು ನನ್ನನ್ನೇ ನೋಡುತ್ತಿದ್ದರು. ಅವರ ಮುಖ ಕಂಡೇ ನನಗೆ ತಿಳಿಯಿತು, ಇನ್ಸ್‌ಪೆಕ್ಟರು ನನ್ನ ಬೆನ್ನ ಹಿಂದೆ ಬಂದು ನಿಂತಿದ್ದಾರೆ ಎಂದು. ಭಾವನೂ ಜೊತೆಗಿದ್ದರು.

"ಇದೂ ನಿಮ್ಮ ಸಾಹುಕಾರರದೇ ಬಸ್ಸು ಅಲ್ಲವೇ? ಇದರ ನಂಬರೆಷ್ಟು? ಸ್ವಲ್ಪ ಒರೆಸಿ" ಅಂದರು ಇನ್ಸ್‌ಪೆಕ್ಟರು.

"ಆರತಿ ಮಾಡಿದ್ನ ಒರಸ್‌ಬಾರ್ದು ಬುದ್ಧಿ, ಹೆಣ್ಣಿನ್ನೂ ಇಳ್ದಿಲ್ಲ" ಎಂದು ಹೊಸಿಲಿನ ಹೆಂಗಸರು ಒಟ್ಟಾಗಿ ಕೂಗಿದರು. ಅವರಿಗೆ ಏನೂ ಗೊತ್ತಿರಲಿಲ್ಲ, ಪಾಪ. ಗೊತ್ತಿಲ್ಲದೆಯೇ ನನ್ನನ್ನು ಕಾಪಾಡಿದರು.

ಇನ್ಸ್‌ಪೆಕ್ಟರು ಒಂದು ಹೆಜ್ಜೆ ಹಿಂದೆ ಸರಿದರು. ಅವರೂ ಮಕ್ಕಳೊಂದಿಗರಿರಬೇಕು. "ಬೇಡ ಬಿಡಿ. ಕಾಗದ ಇದ್ದರೆ ಕೊಡು" ಎಂದು ಕೈ ಚಾಚಿದರು. ನಮ್ಮ ಮನೆಯವರು ಇಳಿದು ಕಾಗದ ಕೊಟ್ಟರು. ಅದನ್ನು ಓದಿದರು, ಸ್ಟ್ಯಾಂಡಿನಲ್ಲಿ ನಿಂತಿದ್ದ ಭಾವನ ಬಸ್ಸಿನ ಕಡೆ ತಿರುಗಿ ನೋಡಿದರು, ಮತ್ತೆ ಓದಿದರು. ಅವರ ಮುಖದ ಬಣ್ಣ ಬೇರೆಯಾಯಿತು.

"ಇದು ನಾನೂರ ಹದಿನೇಳು. ಕಾಗದ ಸರಿಯಾಗಿದೆ. ಹಾಗಾದರೆ ನಾನು ಕೂತು ಬಂದದ್ದು ಯಾವ ಗಾಡಿ?" ಎಂದು ಭಾವನನ್ನು ಕೇಳಿದರು. "ಅದಕ್ಕೇ ದಾರಿಯುದ್ದಕ್ಕೂ ನಾಟಕವಾಡಿದೆ. ಕಾಗದವಿಲ್ಲ, ಸುಳ್ಳು ನಂಬರು. ಲೈಸೆನ್ಸ್ ತೆಗಿ ಇಲ್ಲಿ. ಠಾಣೆಗೆ ನಡಿ."

ಭಾವ ಏನಾದರೂ ಹೇಳುತ್ತಾರೆ ಎಂದುಕೊಂಡೆ. ಒಂದು ಮಾತು ಸಾಕಿತ್ತು. ಅವರು ನಮ್ಮ ಮನೆಯವರ ಕಡೆ ನೋಡಲೂ ಇಲ್ಲ. ಅಂಗಿಯ ಜೇಬಿಗೆ ಕೈ ಹಾಕಿ ಲೈಸೆನ್ಸ್ ಹುಡುಕತೊಡಗಿದರು.

ನನಗೆ ಆಗ ಏನನ್ನಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ. ಸಂತೋಷವಾಯಿತು. ಉಳಿದೆವು ಎನ್ನಿಸಿತು. ಭಾವನ ಮನೆಯಲ್ಲಿ ಹೆಂಡತಿ, ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳು ಇದ್ದಾರೆ ಎಂಬುದೆಲ್ಲ ಗೊತ್ತಿದ್ದೂ ಸಂತೋಷವಾಯಿತು. ನೀರಿನಲ್ಲಿ ಮುಳುಗುವವರಿಗೆ ಪಕ್ಕದವರು ಕಾಣುವುದಿಲ್ಲ.

ನಮ್ಮ ಮನೆಯವರು ಹೆಗಲ ಮೇಲಿದ್ದ ಟವೆಲ್ ತೆಗೆದರು. ಬೆವರು ಒರೆಸಿಕೊಳ್ಳುತ್ತಾರೆ ಎಂದುಕೊಂಡೆ. ಅವರು ಬಗ್ಗಿ ನಂಬರಿನ ಹಲಗೆ ಒರೆಸತೊಡಗಿದರು. ಹೆಂಗಸರು ಅಯ್ಯಯ್ಯೋ ಎಂದರು. ನಾನು ಅವರ ತೋಳು ಹಿಡಿದುಕೊಂಡೆ. "ಬುಡು ಕಣಮ್ಮಿ" ಎಂದು ನನ್ನ ಕೈಯನ್ನು ಮೆಲ್ಲಗೆ ಬಿಡಿಸಿದರು. ಏಳು ಬಂತು, ಒಂದು ಬಂತು, ನಾಲ್ಕು ಬಂತು. ಹೊಸ ಬಣ್ಣ, ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಆಮೇಲೆ ಬಾನೆಟ್ ಎತ್ತಿ ಹಿಡಿದರು.

"ಇಂಜಿನ್ ಮೇಲೆ ಕೊರ್ದಿರೋ ನಂಬ್ರು ನೋಡಿ ಬುದ್ಧಿ. ನಿಮ್ ಕೈಲಿರೋ ಕಾಗ್ದುಕ್ಕೂ ಇದ್ಕೂ ಕೂಡಾಕಿಲ್ಲ. ಇದು ನೀವು ನಿಲ್ಸಿದ್ ಗಾಡಿ. ಕಾಗ್ದ ಅಣ್ಣನ್ ಗಾಡೀದು. ಅವ್ರುದೇನೂ ತಪ್ಪಿಲ್ಲ" ಅಂದರು.

ಇನ್ಸ್‌ಪೆಕ್ಟರು ಬಗ್ಗಿ ನೋಡಿದರು. ನೋಡಿ ಮುಗಿದ ಮೇಲೆ ಕಾಗದಗಳನ್ನು ಭಾವನ ಕೈಗೆ ಕೊಟ್ಟು ನಮ್ಮ ಮನೆಯವರ ಕಡೆ ತಿರುಗಿದರು. "ನೀನೇ ಹೇಳಿದ್ದೀಯ, ಜೈಲಿಗೆ ಹೋಗದ ಹಾಗೆ ಬರೀತೀನಿ. ಲೈಸೆನ್ಸ್ ಉಳಿಸೋದು ಮಾತ್ರ ನನ್ನ ಕೈಲಿಲ್ಲಪ್ಪ" ಎಂದು ಕೈ ಚಾಚಿದರು. ಇವರು ಕೊಟ್ಟರು. ಒಳಗೆ ಸೋದರತ್ತೆಯ ಮುನಿಸು ಆಗ ಇಳಿಯಿತೆಂದು ಕಾಣುತ್ತದೆ, ವಾಲಗ ಊದತೊಡಗಿದರು. ಹೆಣ್ಣು ಇಳಿಯಿತು. ಮದುವೆ ಚೆನ್ನಾಗಿಯೇ ಆಯಿತಂತೆ. ನಾನು ಛತ್ರದ ಹಿಂದಿನ ಕಲ್ಲಿನ ಮೇಲೆ ಕೂತಿದ್ದೆ.

ಸಾಹುಕಾರರು ದಂಡ ಕಟ್ಟಿ ಕೈತೊಳೆದುಕೊಂಡರು. ಯುದ್ಧ ಮುಗಿದ ಮೇಲೆ ಹೊಸ ಬಸ್ಸನ್ನೇ ತಂದರು, ಅದಕ್ಕೆ ಹೊಸ ನಂಬರು ಬಂತು. ನಮ್ಮ ಮನೆಯವರಿಗೆ ಲೈಸೆನ್ಸ್ ಮತ್ತೆ ಬರಲಿಲ್ಲ. ಮಂಡ್ಯದ ಕಡೆ ಕಬ್ಬಿನ ಗಾಡಿ ಹೊಡೆದರು, ಕೂಲಿ ಮಾಡಿದರು. ಬೀದಿಯಲ್ಲಿ ಬಂದರೆ ಯಾರೂ ಕಾಲು ಮಡಿಸಲಿಲ್ಲ.

ಆ ದಿನ ಸಾಯಂಕಾಲ ಊರಿಗೆ ಮರಳಲು ನಮಗೆ ಇದ್ದದ್ದು ಅದೇ ನಾನೂರ ಹದಿನೇಳು. ಭಾವ ಮುಂದಿನ ಸೀಟು ಖಾಲಿ ಬಿಟ್ಟು, "ಮುಂದಕ್ ಬಾರ್ಲಾ" ಎಂದು ಕರೆದರು. ನಮ್ಮ ಮನೆಯವರು ಹಿಂದಿನ ಬೆಂಚಿನಲ್ಲೇ ಕೂತರು. ನಾನು ಅವರ ಪಕ್ಕದಲ್ಲಿ ಕೂತೆ. ದೊಡ್ಡಿ ದಾಟಿದ ಮೇಲೆ ತಡೆಯಲಾಗಲಿಲ್ಲ.

"ಯಾಕಂಗ್ ಮಾಡುದ್ರಿ? ಎಲ್ಲಾ ಮುಚ್ಚೋಗಿತ್ತಲ್ಲ" ಅಂದೆ.

"ನಂಬ್ರು ಅವ್ರುದು ಕಣಮ್ಮಿ. ಅದ್ನ ತಗಂಡು ಅವ್ರುನ್ನೇ ಜೈಲಿಗ್ ಕಳ್ಸಾಕಾದದಾ?"

"ಅವ್ರ್ ಎಂಡ್ತಿ ಮಕ್ಳು ಉಳುದ್ರು. ನಂಗೇನ್ ಉಳೀತು?"

ಅವರು ಕಿಟಕಿಯ ಆಚೆ ನೋಡುತ್ತಿದ್ದರು. "ನಿಂಗೆ ನಾನ್ ಉಳ್ದಿವ್ನಿ ಕಣಮ್ಮಿ" ಅಂದರು.

ಆ ಮಾತಿಗೂ ನನ್ನ ಸಿಟ್ಟು ಹೋಗಲಿಲ್ಲ, ಇವತ್ತಿಗೂ ಪೂರ್ತಿ ಹೋಗಿಲ್ಲ. ಅವರು ಹೋದ ಮೇಲೆ ಅದನ್ನು ಯಾರ ಮೇಲೆ ತೀರಿಸಿಕೊಳ್ಳಲಿ?